ಯಹೂದಿ ಅಧ್ಯಯನ ಓದುತ್ತಿರುವ ಗೆಳತಿಗೆ



ನಿಮ್ಮ ಪತ್ರ ಕೈಸೇರಿತು. ಎಂ.ಎ. ಮುಗಿಯಲು ಒಂದೇ ಸೆಮಿಸ್ಟರ್ ಉಳಿದಿದೆ, ಬಂಟ್ವಾಳದಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ‘ಮುಂದೆ ಏನು ಮಗಳೇ?’ ಎನ್ನುತ್ತಾರೆ, ಹೇಳಲು ಉತ್ತರವಿಲ್ಲ ಎಂದು ಬರೆದಿದ್ದೀರಿ. ಯಹೂದಿ ಅಧ್ಯಯನ ಓದಲು ಅಮೆರಿಕಕ್ಕೆ ಹೊರಟಾಗಲೇ ನೆಂಟರು ಮುಖಮುಖ ನೋಡಿಕೊಂಡಿದ್ದರಂತೆ. ಅವರ ಮೇಲೆ ಬೇಸರ ಬೇಡ. ದುಡ್ಡು ಹೊಂದಿಸಿ ಮಗಳನ್ನು ಅಷ್ಟು ದೂರ ಕಳಿಸಿದ ಮನೆಯಲ್ಲಿ ಆ ಪ್ರಶ್ನೆ ಏಳುವುದು ಸಹಜ. ಅದಕ್ಕೆ ನೇರವಾದ ಉತ್ತರ ಸಿಗಬೇಕಾದದ್ದೂ ನ್ಯಾಯ.

ನೀವು ಕೇಳಿರುವುದು ಎರಡು ಸಂಗತಿ. ಪಿಎಚ್.ಡಿ.ಗೆ ಸೇರಬೇಕೇ? ಸೇರದಿದ್ದರೆ ಈ ಓದಿನಿಂದ ಅನ್ನ ಹುಟ್ಟುವ ದಾರಿ ಯಾವುದು? ಎರಡಕ್ಕೂ ನನಗೆ ತಿಳಿದಷ್ಟು ಬರೆಯುತ್ತೇನೆ. ಅದಕ್ಕೆ ಮೊದಲು, ‘ಪ್ರೊಫೆಸರ್ ಆಗಲು ಆಗದಿದ್ದರೆ ಬೇರೆ ಏನನ್ನಾದರೂ ನೋಡಿಕೊಳ್ಳಬೇಕು’ ಎಂದು ಬರೆದಿದ್ದೀರಲ್ಲ, ಆ ಮಾತಿನೊಳಗಿನ ಕೊರಗನ್ನು ನಾನು ಒಪ್ಪುವುದಿಲ್ಲ. ನೀವು ಓದುತ್ತಿರುವ ವಿದ್ಯೆಯನ್ನು ಕಟ್ಟಿದವರ ಬದುಕನ್ನು ನೋಡಿದರೆ ನಿಮಗೂ ಅದು ಸರಿ ಎನಿಸಲಾರದು.

1819ರಲ್ಲಿ ಬರ್ಲಿನ್ನಿನ ಕೆಲವು ಯಹೂದಿ ಯುವಕರು ತಮ್ಮ ಜನರ ಚರಿತ್ರೆ, ಸಾಹಿತ್ಯಗಳನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಬೇಕೆಂದು ಒಂದು ಸಂಘ ಕಟ್ಟಿದರು. ಲಿಯೊಪೋಲ್ಡ್ ತ್ಸುಂತ್ಸ್ ಮತ್ತು ಎಡುವಾರ್ಡ್ ಗಾನ್ಸ್ ಅದರ ಮುಂದಾಳುಗಳು. ಕವಿ ಹೈನೆ ಕೂಡ ಕೆಲಕಾಲ ಅದರಲ್ಲಿದ್ದ. ಯಹೂದಿಯಾಗಿ ಉಳಿದವನಿಗೆ ಪ್ರಷ್ಯದ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಇರಲಿಲ್ಲ. ಗಾನ್ಸ್ 1825ರಲ್ಲಿ ಕ್ರೈಸ್ತನಾದ, ಮುಂದೆ ಬರ್ಲಿನ್‌ನಲ್ಲಿ ಕಾನೂನಿನ ಪ್ರೊಫೆಸರ್ ಆದ. ತ್ಸುಂತ್ಸ್ ಆಗಲಿಲ್ಲ. ಅವನು ಪತ್ರಿಕೆಯಲ್ಲಿ ಸಂಪಾದಕನ ಕೆಲಸ ಮಾಡಿದ, ಶಾಲೆ ನಡೆಸಿದ, ಶಿಕ್ಷಕರನ್ನು ತಯಾರು ಮಾಡುವ ವಿದ್ಯಾಲಯಕ್ಕೆ ಹತ್ತು ವರ್ಷ ಮುಖ್ಯಸ್ಥನಾಗಿದ್ದ. 1848ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಯಹೂದಿ ಚರಿತ್ರೆ, ಸಾಹಿತ್ಯಕ್ಕೆ ಒಂದು ಪೀಠ ಬೇಕೆಂದು ಅರ್ಜಿ ಹಾಕಿದ, ಅದನ್ನು ತಿರಸ್ಕರಿಸಿದರು. ಇಂದು ನಿಮ್ಮ ತರಗತಿಯಲ್ಲಿ ಓದಿಸುವ ಸಂಶೋಧನೆಯ ಅಡಿಪಾಯದ ದೊಡ್ಡ ಭಾಗ ಅವನು ಇಂಥ ಕೆಲಸಗಳ ನಡುವೆ ಬರೆದದ್ದು.

ಅವನ ನಂತರದ ಮೋರಿಟ್ಸ್ ಸ್ಟೈನ್‌ಷ್ನೈಡರ್ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹೀಬ್ರೂ ಮುದ್ರಿತ ಪುಸ್ತಕಗಳ ಸೂಚಿಯನ್ನು 1852ರಿಂದ 1860ರವರೆಗೆ ಪ್ರಕಟಿಸಿದ. ಆ ಸೂಚಿಯನ್ನು ವಿದ್ವಾಂಸರು ಈಗಲೂ ತೆರೆಯುತ್ತಾರೆ. ಹೊಟ್ಟೆಪಾಡಿಗೆ ಅವನು ಬರ್ಲಿನ್ನಿನಲ್ಲಿ ಯಹೂದಿ ಹುಡುಗಿಯರ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನಾಗಿದ್ದ. ಯಹೂದಿ ಅನುಭಾವದ ಅಧ್ಯಯನವನ್ನೇ ಹೊಸದಾಗಿ ಕಟ್ಟಿದ ಗೆರ್ಷೋಮ್ ಷೋಲೆಮ್ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದು 1923ರಲ್ಲಿ ಜೆರುಸಲೇಮಿಗೆ ಹೋದಾಗ ಮೊದಲು ಸಿಕ್ಕ ಕೆಲಸ ಗ್ರಂಥಾಲಯದ ಹೀಬ್ರೂ ವಿಭಾಗದಲ್ಲಿ. ಪುಸ್ತಕಗಳನ್ನು ವಿಂಗಡಿಸಿ ಜೋಡಿಸುವ ಕ್ರಮವನ್ನು ಅವನೇ ರೂಪಿಸಿದ. ಹೀಬ್ರೂ ವಿಶ್ವವಿದ್ಯಾಲಯ ತೆರೆದದ್ದು ಆಮೇಲೆ, 1925ರಲ್ಲಿ.

ಎಮಾನುಯೆಲ್ ರಿಂಗಲ್‌ಬ್ಲುಮ್ ಹೆಸರು ನಿಮಗೆ ಗೊತ್ತೇ ಇದೆ. ವಾರ್ಸಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಇದ್ದ ಚರಿತ್ರಕಾರ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ, ಒಂದು ಪರಿಹಾರ ಸಂಸ್ಥೆಯಲ್ಲಿ ದುಡಿಯುತ್ತಿದ್ದ. ನಾಜಿಗಳು ವಾರ್ಸಾದ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ ಅವನೂ ಅವನ ಸಂಗಡಿಗರೂ ಸೇರಿ ಗುಟ್ಟಾಗಿ ದಾಖಲೆ ಕೂಡಿಸಿದರು. ದಿನಚರಿ, ಪಡಿತರ ಚೀಟಿ, ಮಕ್ಕಳ ಪ್ರಬಂಧ, ಪೋಸ್ಟರು, ಏನು ಸಿಕ್ಕರೂ ಬಿಡಲಿಲ್ಲ. ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. 1946ರಲ್ಲಿ ಒಂದು ಭಾಗ, 1950ರಲ್ಲಿ ಇನ್ನೊಂದು ಭಾಗ ಅಗೆದಾಗ ಸಿಕ್ಕಿತು. ಒಟ್ಟು ಸುಮಾರು 35,000 ಪುಟ. ರಿಂಗಲ್‌ಬ್ಲುಮ್‌ನನ್ನು 1944ರಲ್ಲಿ ಕೊಂದಿದ್ದರು. ಅವನು ಯಾವ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿದ್ದ ಎಂದು ಇವತ್ತು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಪೀಠಗಳು ಬಂದದ್ದೂ ತಡವಾಗಿ. ಹಾರ್ವರ್ಡ್‌ನಲ್ಲಿ 1925ರಲ್ಲಿ ಹ್ಯಾರಿ ವುಲ್ಫ್‌ಸನ್, ಕೊಲಂಬಿಯಾದಲ್ಲಿ 1930ರಲ್ಲಿ ಸಾಲೋ ಬ್ಯಾರನ್. ಈ ವಿಷಯದ ಅಧ್ಯಾಪಕರ ಸಂಘ ಹುಟ್ಟಿದ್ದು 1969ರಲ್ಲಿ. ಆದ್ದರಿಂದ ಗ್ರಂಥಾಲಯ, ಶಾಲೆ, ಪತ್ರಿಕೆ, ದಾಖಲಾಲಯ ಇವನ್ನು ಪ್ರೊಫೆಸರ್ ಆಗಲಾರದವರು ಸೇರುವ ಜಾಗ ಎಂದುಕೊಳ್ಳಬೇಡಿ. ನಿಮ್ಮ ವಿದ್ಯೆಯ ಮೂಲಮನೆಗಳು ಅವೇ.

ಇನ್ನು ಪಿಎಚ್.ಡಿ. ಮಾತು. ನನ್ನ ಅಭಿಪ್ರಾಯ ಸ್ಪಷ್ಟ: ಪೂರ್ತಿ ಫೀಸು ಮನ್ನಾ ಮಾಡಿ, ಬದುಕಲು ಸಾಕಾಗುವ ಸ್ಟೈಪೆಂಡ್ ಕೊಡುವ ಕಡೆ ಸೀಟು ಸಿಕ್ಕರೆ ಮಾತ್ರ ಸೇರಿ. ಸ್ವಂತ ದುಡ್ಡಿನಲ್ಲಿ, ಸಾಲದಲ್ಲಿ ಬೇಡವೇ ಬೇಡ. ಆರೇಳು ವರ್ಷ ಹಿಡಿಯುವ ಕೆಲಸ ಅದು. ಮುಗಿಸಿ ಹೊರಬಂದಾಗ ಅಮೆರಿಕದಲ್ಲಿ ಕಾಯಂ ಹುದ್ದೆಗೆ ದಾರಿಯಾಗುವ ಕೆಲಸಗಳು ಬೆರಳೆಣಿಕೆ. ಅವೂ ‘ಯಹೂದಿ ಅಧ್ಯಯನ’ ಎಂಬ ಒಂದೇ ಹೆಸರಲ್ಲಿ ಬರುವುದಿಲ್ಲ. ಒಂದು ವರ್ಷ ಹೀಬ್ರೂ ಬೈಬಲ್, ಇನ್ನೊಂದು ವರ್ಷ ಆಧುನಿಕ ಯುರೋಪಿನ ಯಹೂದಿ ಚರಿತ್ರೆ, ಮತ್ತೊಂದು ವರ್ಷ ಇಸ್ರೇಲ್ ಅಧ್ಯಯನ, ಹೀಗೆ. ದಾನಿಯೊಬ್ಬರು ಯಾವ ಪೀಠಕ್ಕೆ ಹಣ ಇಟ್ಟಿದ್ದಾರೆ ಎಂಬುದರ ಮೇಲೆ ಹುದ್ದೆ ನಿಂತಿರುತ್ತದೆ. ನೀವು ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್ ಓದಿ ಮುಗಿಸಿದ ವರ್ಷ ತಾಲ್ಮುದ್ ಓದಿದವರನ್ನು ಯಾರೂ ಕರೆಯದೆ ಇರಬಹುದು. ಒಳ್ಳೆಯ ಪ್ರಬಂಧ ಬರೆದವರೂ ಕೋರ್ಸಿಗಿಷ್ಟು ಎಂದು ಸಂಬಳ ಪಡೆದು, ಆರೋಗ್ಯ ವಿಮೆಯೂ ಇಲ್ಲದೆ ಎರಡು ಮೂರು ಕಾಲೇಜುಗಳ ನಡುವೆ ಓಡಾಡುತ್ತಾರೆ. ಇದು ಅವರ ಯೋಗ್ಯತೆಯ ಕೊರತೆಯಿಂದ ಆದದ್ದಲ್ಲ, ಹುದ್ದೆಗಳೇ ಕಡಿಮೆ.

ಹಾಗಾದರೆ ಪಿಎಚ್.ಡಿ. ಯಾರಿಗೆ? ತನ್ನದೇ ಆದ ಒಂದು ಪ್ರಶ್ನೆ ಇರುವವರಿಗೆ. ಹಸ್ತಪ್ರತಿ ಸಂಗ್ರಹಗಳ ಮೇಲ್ವಿಚಾರಕರಾಗಬೇಕು, ದೊಡ್ಡ ಮ್ಯೂಸಿಯಮ್ಮಿನಲ್ಲಿ ಸಂಶೋಧನೆ ನಡೆಸಬೇಕು ಎನ್ನುವವರಿಗೂ ಅದು ಬೇಕಾಗುತ್ತದೆ. ನಿಮಗೆ ಅಂಥ ಪ್ರಶ್ನೆ ಸಿಕ್ಕಿದೆಯೇ ಎಂದು ಪತ್ರದಿಂದ ನನಗೆ ತಿಳಿಯಲಿಲ್ಲ. ಹೀಬ್ರೂ ಮೂರು ವರ್ಷ ಆಗಿದೆ, ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಶ್ ಕಳೆದ ಬೇಸಿಗೆಯಲ್ಲಿ ಶುರು ಮಾಡಿದ್ದೀರಿ, ಹಳೆಯ ಪುಸ್ತಕ ಮುಟ್ಟುವಾಗ ಖುಷಿಯಾಗುತ್ತದೆ ಎಂದಿದ್ದೀರಿ. ಅಷ್ಟು ತಿಳಿದ ಮೇಲೆ ನನ್ನ ಮನಸ್ಸು ಮೊದಲು ಹೋಗುವುದು ಗ್ರಂಥಾಲಯದ ಕಡೆಗೆ.

ಹೀಬ್ರೂ ಲಿಪಿಯ ಪುಸ್ತಕಗಳಿಗೆ ಕ್ಯಾಟಲಾಗ್ ಮಾಡುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಒಂದು ಪುಸ್ತಕ ನಿಮ್ಮ ಮೇಜಿಗೆ ಬಂದಿದೆ ಎಂದುಕೊಳ್ಳಿ. ಯಿಡ್ಡಿಶ್ ಕಥೆಗಳದ್ದು, ಅಂಚು ಪುಡಿಯಾಗುತ್ತಿದೆ. ಮುಖಪುಟದಲ್ಲಿ ಇಸವಿ ಅಂಕಿಯಲ್ಲಿಲ್ಲ, ತಾವ್, ರೇಶ್, ಪೇ, ಹೇ ಎಂಬ ನಾಲ್ಕು ಅಕ್ಷರಗಳಲ್ಲಿದೆ. ನಮ್ಮಲ್ಲಿ ಕಟಪಯಾದಿ ಕಲಿತವರಿಗೆ ಈ ಬಗೆ ಹೊಸದಲ್ಲ. ತಾವ್ 400, ರೇಶ್ 200, ಪೇ 80, ಹೇ 5, ಕೂಡಿದರೆ 685. ಮೇಲಿನ 5,000 ಬರೆಯದೆ ಬಿಡುವುದು ರೂಢಿ, ಅಲ್ಲಿಗೆ 5685 ಆಯಿತು. ಅದರಲ್ಲಿ 3760 ಕಳೆದರೆ 1925. ಆದರೆ ಯಹೂದಿ ಹೊಸವರ್ಷ ಬರುವುದು ಶರತ್ಕಾಲದಲ್ಲಿ. ಹಾಗಾಗಿ ಪುಸ್ತಕ 1924ರ ಕೊನೆಯಲ್ಲೂ ಅಚ್ಚಾಗಿರಬಹುದು, ಎರಡೂ ಇಸವಿ ನಮೂದಿಸಬೇಕು. ಊರಿನ ಹೆಸರು ಲೆಂಬರ್ಗ್ ಎಂದಿದೆ. ಅದು ಆಗ ಪೋಲೆಂಡಿನಲ್ಲಿದ್ದ ಲ್ವುಫ್, ಈಗ ಉಕ್ರೇನಿನ ಲ್ವಿವ್. ಇನ್ನು ಪುಸ್ತಕ ಹೀಬ್ರೂವಿನದಾದರೆ ಸಾಮಾನ್ಯವಾಗಿ ಸ್ವರಚಿಹ್ನೆಗಳೇ ಇರುವುದಿಲ್ಲ. ರೋಮನ್ ಲಿಪಿಗೆ ಇಳಿಸುವಾಗ ಪ್ರತಿ ಪದದ ಸ್ವರವನ್ನು ನೀವೇ ತಿಳಿದು ತುಂಬಬೇಕು. ವ್ಯಾಕರಣ ಗಟ್ಟಿ ಇಲ್ಲದವರು ತಪ್ಪು ಸ್ವರ ಹಾಕಿದರೆ ಆ ಪುಸ್ತಕ ಹುಡುಕುವವರಿಗೆ ಮುಂದೆ ಸಿಗುವುದೇ ಇಲ್ಲ. ಎಂ.ಎ.ಯಲ್ಲಿ ನೀವು ಕಷ್ಟಪಟ್ಟು ಕಲಿತದ್ದೆಲ್ಲ ಆ ಒಂದು ಕಾರ್ಡಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ದಾರಿಗೆ ಅಮೆರಿಕದಲ್ಲಿ ಗ್ರಂಥಾಲಯ ವಿಜ್ಞಾನದ ಮಾಸ್ಟರ್ಸ್ ಪದವಿ ಸಾಮಾನ್ಯವಾಗಿ ಕೇಳುತ್ತಾರೆ, ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮಾನ್ಯತೆ ಇರುವಂಥದ್ದು. ಮತ್ತೊಂದು ಪದವಿಯೇ ಎಂದು ನಿಟ್ಟುಸಿರು ಬಿಡಬೇಡಿ. ಕೆಲಸ ಮಾಡುತ್ತಲೇ ಓದಬಹುದಾದ ಪದವಿ ಅದು. ಗ್ರಂಥಾಲಯ ವಿಜ್ಞಾನ ಓದಿದವರು ಸಾಕಷ್ಟು ಜನ ಸಿಗುತ್ತಾರೆ, ಅವರಲ್ಲಿ ಹೀಬ್ರೂ ಯಿಡ್ಡಿಶ್ ಎರಡೂ ಓದಬಲ್ಲವರು ಎಷ್ಟು ಜನ? ಲೈಬ್ರರಿ ಆಫ್ ಕಾಂಗ್ರೆಸ್, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ, ದೊಡ್ಡ ವಿಶ್ವವಿದ್ಯಾಲಯಗಳು, ಬ್ರಿಟಿಷ್ ಲೈಬ್ರರಿ, ಎಲ್ಲ ಕಡೆ ಈ ಸಂಗ್ರಹಗಳಿವೆ. ನ್ಯೂಯಾರ್ಕಿನ ಸೆಂಟರ್ ಫಾರ್ ಜ್ಯೂಯಿಷ್ ಹಿಸ್ಟರಿ ಎಂಬ ಒಂದೇ ಸೂರಿನ ಕೆಳಗೆ ಐದು ಸಂಸ್ಥೆಗಳ ದಾಖಲೆಗಳಿವೆ. 1925ರಲ್ಲಿ ವಿಲ್ನಾದಲ್ಲಿ ಹುಟ್ಟಿ ಎರಡನೇ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿಗೆ ಬಂದ ಯಿವೊ ಅವುಗಳಲ್ಲಿ ಒಂದು.

ಅದಕ್ಕೆ ಅಂಟಿಕೊಂಡೇ ಇನ್ನೊಂದು ಕೆಲಸವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗೌರವದ ಕೆಲಸ: ಲೂಟಿಯಾದ ಪುಸ್ತಕಗಳ ಒಡೆಯರನ್ನು ಹುಡುಕುವುದು. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನೆ ಜರ್ಮನಿಯ ಆಫನ್‌ಬಾಖ್‌ನಲ್ಲಿ ಒಂದು ಡಿಪೊ ತೆರೆಯಿತು. ನಾಜಿಗಳು ಯುರೋಪಿನ ಉದ್ದಗಲ ದೋಚಿದ್ದ ಲಕ್ಷಾಂತರ ಪುಸ್ತಕಗಳು ಅಲ್ಲಿಗೆ ಬಂದು ಬಿದ್ದವು. ವಿಂಗಡಿಸಲು ನೇಮಿಸಿದ ಸ್ಥಳೀಯ ಕೆಲಸಗಾರರಿಗೆ ಹೀಬ್ರೂ ಬಾರದು. ಡಿಪೊದ ಅಧಿಕಾರಿ ಐಸಾಕ್ ಬೆಂಕೊವಿಟ್ಸ್ ಒಂದು ಉಪಾಯ ಮಾಡಿದ. ಪುಸ್ತಕಗಳೊಳಗಿನ ಗ್ರಂಥಾಲಯ ಮುದ್ರೆಗಳ ಫೋಟೊ ತೆಗೆಸಿ, ಒಬ್ಬೊಬ್ಬ ಕೆಲಸಗಾರನಿಗೂ ಕೆಲವೇ ಮುದ್ರೆಗಳ ಗುರುತು ಹಿಡಿಯಲು ಕಲಿಸಿದ. ಸಾಲಾಗಿ ಕೂತವರು ತಮಗೆ ಗೊತ್ತಿರುವ ಮುದ್ರೆ ಕಂಡರೆ ಎತ್ತಿಡುವುದು, ಉಳಿದದ್ದನ್ನು ಮುಂದಕ್ಕೆ ದಾಟಿಸುವುದು. ಹೀಗೆ ಪುಸ್ತಕಗಳು ಊರೂರಿಗೆ ವಾಪಸಾದವು. ಒಡೆಯರೇ ಉಳಿಯದ ಸುಮಾರು ಐದು ಲಕ್ಷ ಪುಸ್ತಕಗಳನ್ನು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಹಂಚಿದ ಸಂಸ್ಥೆಗೆ ಸಾಲೋ ಬ್ಯಾರನ್ ಅಧ್ಯಕ್ಷ. ಅದರ ಕಾರ್ಯದರ್ಶಿಯಾಗಿ ದುಡಿದವಳು ಹನ್ನಾ ಅರೆಂಟ್.

ಆ ಕೆಲಸ ಇನ್ನೂ ಮುಗಿದಿಲ್ಲ. ಬರ್ಲಿನ್ನಿನ ನಗರ ಗ್ರಂಥಾಲಯ 1943ರಲ್ಲಿ ನಗರದ ಗಿರವಿ ಕಚೇರಿಯಿಂದ ಸುಮಾರು 40,000 ಪುಸ್ತಕ ಕೊಂಡಿತ್ತು. ಸಾವಿನ ಶಿಬಿರಗಳಿಗೆ ಸಾಗಿಸಿದವರ ಮನೆಗಳ ಪುಸ್ತಕಗಳವು. ಅವುಗಳಲ್ಲಿ ಒಂದೊಂದನ್ನೇ ತೆರೆದು, ಒಳಗಿನ ಸಹಿ, ಉಡುಗೊರೆಯ ಬರಹ ಓದಿ, ವಂಶಸ್ಥರನ್ನು ಪತ್ತೆಮಾಡಿ ಹಿಂದಿರುಗಿಸುವ ಸಂಶೋಧಕರು ಈಗ ಅಲ್ಲಿದ್ದಾರೆ. 1998ರಲ್ಲಿ 44 ದೇಶಗಳು ವಾಷಿಂಗ್ಟನ್‌ನಲ್ಲಿ ಸೇರಿ ನಾಜಿಗಳು ಕಿತ್ತುಕೊಂಡ ಕಲಾಕೃತಿಗಳ ಬಗ್ಗೆ ಒಪ್ಪಿಕೊಂಡ ತತ್ತ್ವಗಳ ನಂತರ ಮ್ಯೂಸಿಯಮ್‌ಗಳು, ಗ್ರಂಥಾಲಯಗಳು, ಹರಾಜು ಮನೆಗಳು ಇಂಥವರನ್ನು ನೇಮಿಸಿಕೊಳ್ಳಲು ಶುರುಮಾಡಿದವು. ಜರ್ಮನ್ ಬೇಕೇ ಬೇಕು. ಈಗಲೇ ಶುರು ಮಾಡಿದರೂ ತಡವಿಲ್ಲ.

ನೀವು ಓದಿರಬಹುದಾದರೂ ಏರನ್ ಲ್ಯಾನ್ಸ್ಕಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಮಾಂಟ್ರಿಯಲ್‌ನಲ್ಲಿ ಯಿಡ್ಡಿಶ್ ಸಾಹಿತ್ಯ ಓದುತ್ತಿದ್ದ ವಿದ್ಯಾರ್ಥಿ. ತರಗತಿಗೆ ಬೇಕಾದ ಪುಸ್ತಕಗಳೇ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ, ಯುರೋಪಿನಿಂದ ಬಂದು ನೆಲೆಸಿದ ಹಿರಿಯರು ತೀರಿಕೊಂಡಂತೆ ಅವರ ಮನೆಯ ಪುಸ್ತಕಗಳನ್ನು ಆ ಭಾಷೆ ಬಾರದ ಮಕ್ಕಳು ಕಸಕ್ಕೆ ಹಾಕುತ್ತಿದ್ದರು. 1980ರಲ್ಲಿ ಲ್ಯಾನ್ಸ್ಕಿ ಓದಿಗೆ ಬಿಡುವು ಕೊಟ್ಟು ಪುಸ್ತಕ ಕೂಡಿಸಲು ಹೊರಟ. ಉಳಿದಿರುವುದು ಹೆಚ್ಚೆಂದರೆ 70,000 ಪುಸ್ತಕ ಎಂದು ತಿಳಿದವರು ಹೇಳಿದ್ದರು. ಕೊನೆಗೆ ಅವನ ಸಂಸ್ಥೆ ಕೂಡಿಸಿದ್ದು 10 ಲಕ್ಷಕ್ಕೂ ಹೆಚ್ಚು. ಮನೆಗೆ ಹೋದರೆ ಅಜ್ಜ ಅಜ್ಜಿಯರು ಇಡೀ ಪೆಟ್ಟಿಗೆ ಎತ್ತಿ ಕೊಡುತ್ತಿರಲಿಲ್ಲ. ಊಟಕ್ಕೆ ಕೂರಿಸಿ, ಒಂದೊಂದೇ ಪುಸ್ತಕ ಕೈಗೆ ಕೊಟ್ಟು, ಅದನ್ನು ಎಲ್ಲಿ ಕೊಂಡೆವು, ಯಾರೊಂದಿಗೆ ಕೂತು ಓದಿದೆವು ಎಂದು ಹೇಳಿ ಮುಗಿಸಿದ ಮೇಲೆಯೇ ಮುಂದಿನದು. ಅವನು ಎಲ್ಲವನ್ನೂ ಕೂತು ಕೇಳಿದ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿರುವ ಯಿಡ್ಡಿಶ್ ಬುಕ್ ಸೆಂಟರ್ ಹುಟ್ಟಿದ್ದು ಹೀಗೆ. ಇಂದು 11,000ಕ್ಕೂ ಹೆಚ್ಚು ಯಿಡ್ಡಿಶ್ ಕೃತಿಗಳನ್ನು ಯಾರು ಬೇಕಾದರೂ ಬಂಟ್ವಾಳದಲ್ಲೂ ಕೂತು ಪುಕ್ಕಟೆ ಇಳಿಸಿಕೊಂಡು ಓದಬಹುದು. ಓದು ಮುಗಿಸಿದ ಯುವಕ ಯುವತಿಯರಿಗೆ ಅಲ್ಲಿ ಫೆಲೋಷಿಪ್‌ಗಳಿವೆ, ಅನುವಾದಕರಿಗೆ ಬೇರೆಯೇ ತರಬೇತಿಯಿದೆ. ನಿಮ್ಮ ಅರ್ಜಿಗಳ ಪಟ್ಟಿಯಲ್ಲಿ ಇದು ಮೇಲೆ ಇರಲಿ.

ಮ್ಯೂಸಿಯಮ್‌ಗಳನ್ನು ನೀವೇ ಬಲ್ಲಿರಿ: ವಾಷಿಂಗ್ಟನ್‌ನ ಹಾಲೊಕಾಸ್ಟ್ ಮ್ಯೂಸಿಯಮ್, ಬರ್ಲಿನ್ನಿನ ಯಹೂದಿ ಮ್ಯೂಸಿಯಮ್, ವಾರ್ಸಾದ ಪೋಲಿನ್. ಪೋಲಿನ್‌ನ ಪ್ರಧಾನ ಪ್ರದರ್ಶನವನ್ನು ರೂಪಿಸಿದ ಬಾರ್ಬರಾ ಕಿರ್ಷೆನ್‌ಬ್ಲಾಟ್-ಗಿಂಬ್ಲೆಟ್ ಜಾನಪದ ಓದಿದವರು. ಶಾಲಾ ಮಕ್ಕಳಿಗೆ ಪಾಠ ತಯಾರಿಸುವುದು, ಬದುಕುಳಿದವರ ಸಾಕ್ಷ್ಯಗಳನ್ನು ವಿಷಯವಾರು ಗುರುತಿಸಿ ಜೋಡಿಸುವುದು, ಇಂಥ ಕೆಲಸಗಳಲ್ಲಿ ಎಂ.ಎ. ಸಾಕಾಗುತ್ತದೆ.

ಯಹೂದಿ ಸಮುದಾಯದ ಸಂಸ್ಥೆಗಳಲ್ಲಿ ಯಹೂದಿಯಲ್ಲದವರಿಗೆ ಜಾಗವಿದೆಯೇ ಎಂಬ ನಿಮ್ಮ ಸಂಕೋಚ ಸರಿಯಾದದ್ದೇ. 1923ರಿಂದ ಕಾಲೇಜು ಆವರಣಗಳಲ್ಲಿ ಇರುವ ಹಿಲೆಲ್, ಊರೂರಿನ ಯಹೂದಿ ಫೆಡರೇಷನ್‌ಗಳು, ಯಹೂದಿ ಶಾಲೆಗಳು, ಇವುಗಳಲ್ಲಿ ನಿಮ್ಮ ಸಹಪಾಠಿಗಳಿಗೆ ಕೆಲಸ ಸಿಗುತ್ತದೆ, ಧರ್ಮ ಕಲಿಸುವ ಹುದ್ದೆಗೆ ಅವರು ತಮ್ಮವರನ್ನೇ ಹುಡುಕುತ್ತಾರೆ. ಅದು ಅವರ ಮನೆಯ ವಿಷಯ, ಅದರಲ್ಲಿ ತಪ್ಪಿಲ್ಲ. ಅನುದಾನ, ಸಂಶೋಧನೆ, ಪ್ರಕಟಣೆ ವಿಭಾಗಗಳಲ್ಲಿ ಹೊರಗಿನವರೂ ಇರುತ್ತಾರೆ, ಆದರೆ ಅದಕ್ಕೆ ಆಡಳಿತದ ಅನುಭವ ಬೇಕು. ನಿಮಗೆ ಅದರಲ್ಲಿ ಆಸಕ್ತಿ ಇದೆ ಎಂದು ಅನಿಸುವುದಿಲ್ಲ.

ನೀವು ಹೊರಗಿನವರು ಎಂಬುದೇ ಬಲವಾಗುವ ಕಡೆಯೂ ಒಂದಿದೆ. ಅದು ನಿಮ್ಮ ಊರಿಗೇ ಬರುತ್ತದೆ. ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಗೆನೀಜಾ ಎಂಬ ಕೋಣೆಯಲ್ಲಿ ಶತಮಾನಗಳಿಂದ ರಾಶಿಬಿದ್ದಿದ್ದ ಹಳೆಯ ಕಾಗದಗಳನ್ನು ಸಾಲೊಮನ್ ಷೆಕ್ಟರ್ 1896–97ರ ಚಳಿಗಾಲದಲ್ಲಿ ಕೇಂಬ್ರಿಜ್‌ಗೆ ತಂದದ್ದು ನಿಮಗೆ ಗೊತ್ತು. ಆ ಗೆನೀಜಾ ಕಾಗದಗಳಲ್ಲೇ ಅಬ್ರಹಾಂ ಬೆನ್ ಯಿಜು ಇದ್ದಾನೆ. ಟುನೀಸಿಯದ ಮಹ್ದಿಯಾದಿಂದ ಹೊರಟು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ ವರ್ತಕ. ಇಲ್ಲಿ ಕಂಚಿನ ಕಾರ್ಖಾನೆ ನಡೆಸಿದ, ಏಡನ್‌ನ ಗೆಳೆಯರಿಗೆ ಅಡಿಕೆ, ಮೆಣಸು, ಕಬ್ಬಿಣ ಕಳಿಸಿದ, ಅವರಿಂದ ಕಾಗದ ತರಿಸಿಕೊಂಡ. ಇಲ್ಲಿ ಕಾಗದ ಸಿಗುತ್ತಿರಲಿಲ್ಲ. ಬಂದ ಪತ್ರಗಳ ಖಾಲಿ ಜಾಗದಲ್ಲೇ ಲೆಕ್ಕ, ಕರಡು, ಪದ್ಯ ಎಲ್ಲ ಬರೆದಿಟ್ಟ, ಅದರಿಂದಲೇ ಅವನ ಬದುಕು ನಮಗೆ ಉಳಿಯಿತು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಆಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಸಿಕ್ಕಿದೆ. 1149ರಲ್ಲಿ ಅವನು ಏಡನ್‌ಗೆ ಮರಳಿದ.

ಈ ಪತ್ರಗಳನ್ನು ಮೊದಲು ಕೂಡಿಸಿ ಓದಿದವನು ಎಸ್.ಡಿ. ಗೊಯ್ಟೈನ್. ಅವುಗಳ ಬೆನ್ನು ಹತ್ತಿದ ಕಾದಂಬರಿಕಾರ ಅಮಿತಾವ್ ಘೋಷ್ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯನ್ನು ಕಲಿತರು. ಈಜಿಪ್ಟಿನ ಹಳ್ಳಿಯಲ್ಲಿ ಅವರು ಕಲಿತಿದ್ದ ಆಡುಮಾತಿನ ಅರಬ್ಬಿ ಅಲ್ಲಿ ನೆರವಿಗೆ ಬಂತು. ಬೆನ್ ಯಿಜುವಿನ ಸೇವಕನ ಹೆಸರನ್ನು ಬರೆದ ಮೂರು ಅಕ್ಷರಗಳು ಮಾತ್ರ ಬಗೆಹರಿಯಲಿಲ್ಲ. ಅದಕ್ಕೆ ಮಂಗಳೂರಿಗೆ ಬಂದು ಪ್ರೊ. ಬಿ.ಎ. ವಿವೇಕ ರೈ ಅವರನ್ನು ಕೇಳಬೇಕಾಯಿತು. ತುಳುನಾಡಿನ ಹೆಸರು, ದೈವಗಳನ್ನು ಬಲ್ಲ ಅವರು ಅದನ್ನು ಬೊಮ್ಮ ಎಂದು ಓದಬಹುದೆಂದರು. ಘೋಷ್ ಅವರ ಪುಸ್ತಕ 1992ರಲ್ಲಿ ಬಂತು. ಗೊಯ್ಟೈನ್ ಮತ್ತು ಮೊರ್ದೆಖೈ ಫ್ರೀಡ್‌ಮನ್ ಸಿದ್ಧಪಡಿಸಿದ ಭಾರತ ವ್ಯಾಪಾರಿಗಳ ಪತ್ರಗಳ ಇಂಗ್ಲಿಷ್ ಆವೃತ್ತಿ 2008ರಲ್ಲಿ ಅಚ್ಚಾಯಿತು.

ಯೋಚನೆ ಮಾಡಿ ಗೆಳತಿ. ಆ ಪತ್ರಗಳಲ್ಲಿ ಬರುವ ಅಡಿಕೆಯ ಬಗೆ, ಹಡಗಿನ ಹೊತ್ತು, ಕರಾವಳಿಯ ವ್ಯಕ್ತಿನಾಮ, ಇವನ್ನೆಲ್ಲ ತುಳು ಕನ್ನಡ ಬಲ್ಲವರೊಬ್ಬರು ಮೂಲದಲ್ಲೇ ಓದಿದರೆ ಏನೇನು ಹೊರಡಬಹುದು? ನಿಮಗೆ ಹೀಬ್ರೂ ಲಿಪಿ ಬರುತ್ತದೆ, ತುಳು ಮನೆಮಾತು. ಅರಬ್ಬಿ ಒಂದು ಕಲಿತರೆ ಈ ಮೂರೂ ಒಬ್ಬರಲ್ಲೇ ಸೇರುತ್ತವೆ. ಪಿಎಚ್.ಡಿ.ಗೆ ಬೇಕಾದ ಸ್ವಂತ ಪ್ರಶ್ನೆ ಇಲ್ಲಿದ್ದರೂ ಇರಬಹುದು. ಪ್ರಿನ್ಸ್‌ಟನ್‌ನ ಗೆನೀಜಾ ಲ್ಯಾಬ್, ಕೇಂಬ್ರಿಜ್‌ನ ಗೆನೀಜಾ ಘಟಕ ಎರಡೂ ಈ ತುಣುಕುಗಳ ಮೇಲೆ ಕೆಲಸ ಮಾಡುತ್ತಿವೆ. ಗೊಯ್ಟೈನ್ ಬಿಟ್ಟುಹೋದ ಸುಮಾರು 27,000 ಕಾರ್ಡುಗಳು ಈಗ ಗಣಕದಲ್ಲಿವೆ. ಕೈಬರಹವನ್ನು ಯಂತ್ರಕ್ಕೆ ಓದಲು ಕಲಿಸುವುದಕ್ಕೂ ಮೊದಲು ಮನುಷ್ಯರೇ ಸರಿಯಾಗಿ ಓದಿ ಕೊಡಬೇಕು. ಪಠ್ಯ ಮತ್ತು ಗಣಕ ಕೂಡುವ ಈ ಜಾಗದಲ್ಲಿ ಕೆಲಸಗಳು ಬೆಳೆಯುತ್ತಿವೆ. 2011ರಲ್ಲಿ ಶುರುವಾದ ಸೆಫಾರಿಯ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ವಿದ್ವಾಂಸ ಸ್ಟೈನ್‌ಸಾಲ್ಟ್ಸ್ ಅವರ ತಾಲ್ಮುದ್ ಅನುವಾದವನ್ನು 2017ರಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಸಂಪಾದಕರೂ ಎಂಜಿನಿಯರರೂ ಕೂಡಿ ದುಡಿಯುವ ಜಾಗ ಅದು. ಕಂಪ್ಯೂಟರ್ ಓದಿದ ನಿಮ್ಮ ಗೆಳೆಯರ ಹತ್ತಿರ ಕೂತು ಸ್ವಲ್ಪ ಪ್ರೋಗ್ರಾಮಿಂಗ್ ಹೇಳಿಸಿಕೊಳ್ಳಿ.

ಊರಿಗೆ ಮರಳಿದರೆ ಏನು ಎಂದೂ ಕೇಳಿದ್ದೀರಿ. ಭಾರತದಲ್ಲಿ ದಾರಿ ಕಿರಿದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಹೀಬ್ರೂ ಕಲಿಸುತ್ತಾರೆ, ಆದರೆ ಬೈಬಲ್ ಓದುವ ದೃಷ್ಟಿಯಿಂದ. ಸೋನಿಪತ್‌ನ ಜಿಂದಲ್ ವಿಶ್ವವಿದ್ಯಾಲಯದಲ್ಲಿ ಇಸ್ರೇಲ್ ಅಧ್ಯಯನ ಕೇಂದ್ರವಿದೆ. ಕೇರಳದ ಪರವೂರು, ಚೇಂದಮಂಗಲಂ ಸಿನಗಾಗುಗಳನ್ನು ದುರಸ್ತಿ ಮಾಡಿ ಮ್ಯೂಸಿಯಮ್ ಮಾಡಿದ್ದಾರೆ. ಕೊಚ್ಚಿ ಯಹೂದಿ ಹೆಂಗಸರ ಮಲಯಾಳಂ ಹಾಡುಗಳನ್ನು ಉಳಿಸುವ ಕೆಲಸಕ್ಕೆ ಸ್ಕರಿಯಾ ಝಕರಿಯಾ ಅವರಂಥ ಮಲಯಾಳಂ ಪ್ರಾಧ್ಯಾಪಕರು ಕೈಹಾಕಿದ್ದರು. ಇವೆಲ್ಲ ಒಳ್ಳೆಯ ಕೆಲಸಗಳು, ತಿಂಗಳ ಸಂಬಳಕ್ಕೆ ಇವನ್ನೇ ನಂಬಿ ಬರಬೇಡಿ. ಪರದೇಶದ ಗ್ರಂಥಾಲಯದಲ್ಲಿ ಹತ್ತು ವರ್ಷ ದುಡಿದು ಬಂದವರಿಗೆ ಇಲ್ಲಿ ಹಸ್ತಪ್ರತಿ ಭಂಡಾರಗಳ ಬಾಗಿಲು ತೆರೆಯುತ್ತದೆ ಎಂಬುದು ನನ್ನ ನಂಬಿಕೆ.

ವ್ಯವಹಾರದ ಮಾತೂ ಇದೆ. ಮಾನವಿಕ ವಿಷಯ ಓದಿದ ವಿದೇಶಿ ವಿದ್ಯಾರ್ಥಿಗೆ ಪದವಿಯ ನಂತರ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು. ವಿಜ್ಞಾನ, ತಂತ್ರಜ್ಞಾನದವರಿಗೆ ಇರುವ ಹೆಚ್ಚುವರಿ ಅವಧಿ ನಿಮಗಿಲ್ಲ. ವಿಶ್ವವಿದ್ಯಾಲಯಗಳು, ಲಾಭೋದ್ದೇಶವಿಲ್ಲದ ಸಂಶೋಧನಾ ಸಂಸ್ಥೆಗಳು ಎಚ್-1ಬಿ ವೀಸಾದ ವಾರ್ಷಿಕ ಮಿತಿಗೆ ಒಳಪಡುವುದಿಲ್ಲ, ಆದ್ದರಿಂದ ಮೊದಲ ಕೆಲಸ ಅಂಥಲ್ಲಿ ಹಿಡಿಯುವುದು ಜಾಣತನ. ನಿಯಮಗಳು ಪದೇಪದೇ ಬದಲಾಗುತ್ತಿವೆ, ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಈ ವಾರವೇ ಕೇಳಿ. ಕಾಲವೂ ಚೆನ್ನಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಮಾನವಿಕ ವಿದ್ಯಾ ನಿಧಿ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿತು. ಅದರ ಪೆಟ್ಟು ನೀವು ಹುಡುಕುವ ಸಂಸ್ಥೆಗಳಿಗೂ ಬಿದ್ದಿದೆ. ಬ್ರಿಟನ್, ಜರ್ಮನಿಗಳಿಗೂ ಅರ್ಜಿ ಹಾಕಿ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯಹೂದಿ ಅಧ್ಯಯನಕ್ಕೇ ಮೀಸಲಾದ ವಿದ್ಯಾಲಯ 1979ರಿಂದ ಇದೆ.

ಇನ್ನೊಂದು ಸಂಗತಿಗೂ ಸಿದ್ಧರಾಗಿರಿ. ನಿಮ್ಮ ವಿಷಯ ಕೇಳಿದ ಕೂಡಲೇ ಜನ ಗಾಜಾದ ಬಗ್ಗೆ ಕೇಳುತ್ತಾರೆ, ನೀವು ಯಾವ ಕಡೆ ಎಂದು ಕೇಳುತ್ತಾರೆ. ಸಂದರ್ಶನದಲ್ಲೂ ಸುತ್ತುಬಳಸಿ ಕೇಳಿಯಾರು. ತಪ್ಪಿಸಿಕೊಳ್ಳಬೇಡಿ. ಸತ್ತ ಮಕ್ಕಳ ಬಗ್ಗೆ ನೋವಿದೆ ಎನ್ನಲು, ಒತ್ತೆಯಾಳುಗಳ ಬಗ್ಗೆ ನೋವಿದೆ ಎನ್ನಲು ಯಾವ ಅನುಮತಿಯೂ ಬೇಕಿಲ್ಲ. ನೀವು ಓದಿದ ಚರಿತ್ರೆ ಮೂರು ಸಾವಿರ ವರ್ಷಗಳದ್ದು, ಅದರಲ್ಲಿ ಬಾಗ್ದಾದ್, ಕೈರೋ, ವಿಲ್ನಾ, ಕೊಚ್ಚಿ ಎಲ್ಲ ಇವೆ ಎಂದು ಸಮಾಧಾನದಿಂದ ಹೇಳಿ. ಅಷ್ಟು ತಿಳಿದು ಮಾತಾಡುವವರು ಈಗ ಎಲ್ಲ ಕಡೆಯೂ ಬೇಕಾಗಿದ್ದಾರೆ.

ಅಪ್ಪನಿಗೆ ಹೀಗೆ ಹೇಳಿ: ಪಿಎಚ್.ಡಿ.ಗೆ ಪೂರ್ತಿ ಧನಸಹಾಯ ಇರುವ ಕಡೆ ಮಾತ್ರ ಅರ್ಜಿ ಹಾಕುತ್ತೇನೆ, ಅದರ ಜತೆಗೇ ಗ್ರಂಥಾಲಯದ ಕೆಲಸ, ಆಮ್ಹರ್ಸ್ಟ್‌ನ ಫೆಲೋಷಿಪ್ ನೋಡುತ್ತೇನೆ, ಮನೆಯಿಂದ ಇನ್ನು ದುಡ್ಡು ಕೇಳುವುದಿಲ್ಲ. ಅವರಿಗೆ ಬೇಕಾಗಿರುವುದು ಇಷ್ಟೇ ಎಂದು ನನಗೆ ತೋರುತ್ತದೆ.

ನನ್ನದೂ ಒಂದು ಕೋರಿಕೆ. ಯಿಡ್ಡಿಶ್ ಸಾಹಿತ್ಯ ನಾನು ಕನ್ನಡದಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಬಳಸಿ ಬಂದದ್ದು. ಯಿಡ್ಡಿಶ್ ಕಥೆಗಾರ ಪೆರೆಟ್ಸ್ ತೀರಿಕೊಂಡದ್ದು 1915ರಲ್ಲಿ, ಷೋಲೆಮ್ ಅಲೈಖೆಮ್ 1916ರಲ್ಲಿ. ಅವರ ಕಥೆಗಳಿಗೆ ಈಗ ಯಾರ ಅನುಮತಿಯೂ ಬೇಡ. ಇಬ್ಬರಲ್ಲಿ ಯಾರದಾದರೂ ಒಂದು ಚಿಕ್ಕ ಕಥೆಯನ್ನು ಈ ರಜೆಯಲ್ಲಿ ನೇರವಾಗಿ ಕನ್ನಡಕ್ಕೆ ತನ್ನಿ.  ಮೊದಲ ಕರಡು ಸಿದ್ಧವಾದ ಕೂಡಲೇ ನನಗೆ ಕಳಿಸಿ, ಕನ್ನಡದ ಕಡೆಯಿಂದ ಓದಿ ತಿದ್ದಿ ಕೊಡುವ ಹೊಣೆ ನನ್ನದು.

ಇಂತಿ ನಿಮ್ಮ ವಿಶ್ವಾಸಿ